ಹೊರುವವರು ಹೋಗುವಾಗ ಹೇಳುವ ಮಾತು

"ನೆಟ್ಟಗೆ ನಿಂತ್ಕೊಳ್ಳೇ, ಮುಂಡೆ. ದೊಡ್ಡೋರ ಮುಂದೆ ಹೀಗೆ ನೆಲ ನೋಡ್ಕೊಂಡು ನಿಂತ್ರೆ ಏನರ್ಥ? ಮನಸ್ಸಲ್ಲಿ ಏನೋ ಕಳ್ಳತನ ಇಟ್ಕೊಂಡಿದೀಯ ಅಂತ ತಾನೇ?"

ಬೈದವಳು ಕೋಟೆಯ ಧಣಿಯ ತಾಯಿ. ಬೈಸಿಕೊಂಡವಳು ಗೂನಿ. ತಾಯಿಗೆ ಹಲ್ಲೆಲ್ಲ ಉದುರುವ ವಯಸ್ಸಾಗಿದ್ದರೂ ಬೆನ್ನು ಮಾತ್ರ ಒನಕೆಯ ಹಾಗೆ ನೆಟ್ಟಗಿತ್ತು. ಆಕೆಯ ಗೂನು ಗೂನಿಯ ಬೆನ್ನ ಮೇಲಿತ್ತು, ಅದಕ್ಕೆ. ಗೂನಿಯ ಮಗ ಇನ್ನೂ ಮೊಲೆ ಕುಡಿಯುತ್ತಿದ್ದಾಗ ಪಂಡಿತರು ಅದನ್ನು ಅಲ್ಲಿಂದ ಇಲ್ಲಿಗೆ ದಾಟಿಸಿದ್ದರು. ಕೊಟ್ಟವಳು ಆ ಸಂಗತಿಯನ್ನು ಯಾವಾಗಲೋ ಮರೆತಿದ್ದಳು. ಹೊತ್ತವಳಿಗೆ ಮರೆಯುವ ಅನುಕೂಲ ಇರಲಿಲ್ಲ.

"ತಪ್ಪಾಯ್ತು ಅವ್ವಾ," ಎಂದು ಗೂನಿ ನೆಟ್ಟಗಾಗಲು ನೋಡಿದಳು. ಕತ್ತು ಸ್ವಲ್ಪ ಮೇಲೆ ಬಂತು. ಬೆನ್ನು ಬರಲಿಲ್ಲ.

"ದಿಮಾಕು ನೋಡು," ಎನ್ನುತ್ತಾ ತಾಯಿ ಒಳಗೆ ಹೋದಳು.

ಅವತ್ತು ಗೂನಿಯನ್ನು ಕರೆಸಿದ್ದು ಧಣಿಯ ಹೆಂಡತಿಯ ಹಲ್ಲುನೋವಿಗೆ. ಮನೆಯ ಹಿಂಭಾಗದಲ್ಲಿ ಸೌದೆ ಒಟ್ಟುವ ಕೋಣೆಯೊಂದಿತ್ತು. ಅದರ ಗೋಡೆಯಲ್ಲಿ ಬೆರಳು ತೂರುವಷ್ಟು ತೂತು. ಗೋಡೆಯ ಆಚೆ ರೋಗದವರು, ಮೆತ್ತೆಯ ಮೇಲೆ. ಈಚೆ ಹೊರುವವರು, ಸೌದೆಯ ಸಿಪ್ಪೆಯ ಮೇಲೆ. ತೂತಿನಲ್ಲಿ ಹಾದು ಬರುವ ನೂಲಿನ ಒಂದು ತುದಿ ಅವರ ಮಣಿಕಟ್ಟಿಗೆ, ಇನ್ನೊಂದು ಇವರ ಮಣಿಕಟ್ಟಿಗೆ. ಪಂಡಿತರು ಆಚೆ ನಿಂತು ನೂಲಿಗೆ ಕತ್ತೆಯ ಕೊಬ್ಬು ಸವರಿ, ಸೀಸದ ಬಟ್ಟಲಲ್ಲಿ ಬೂದಿ ಕಲಸಿ, ಯಾರಿಗೂ ತಿಳಿಯದ ಭಾಷೆಯಲ್ಲಿ ಗೊಣಗುತ್ತಿದ್ದರು. ನೂಲು ಬಿಸಿಯಾಗುತ್ತಿತ್ತು. ಆಮೇಲೆ ತೂತಿಗೆ ಬಾಯಿಟ್ಟು ಕೇಳುವರು.

"ಬಂತೇನೇ?"

"ಬಂತು ಸ್ವಾಮಿ."

ಗೂನಿಗೆ ಆ ಕಡೆ ದವಡೆ ಹಲ್ಲೇ ಇರಲಿಲ್ಲ. ನೋವು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಹಲ್ಲು ಇದ್ದ ಜಾಗ ಹುಡುಕಿಕೊಂಡು ಬಂದು ಅಲ್ಲೇ ಕೂತಿತು. ಜೇನು ತಿಂದು ತಿಂದು ಬೆಳೆದ ನೋವು ಅದು. ಜೇನಿನ ರುಚಿ ಹೇಗಿರುತ್ತದೆಂದು ಗೂನಿಗೆ ಗೊತ್ತಿರಲಿಲ್ಲ.

ಕೊನೆಯ ಕೆಲಸ ಒಂದಿತ್ತು. ಹಿಂಬಾಗಿಲ ಹೊಸ್ತಿಲ ಮೇಲೆ ನಿಂತು ರೋಗದವರ ಕಿವಿಗೆ ಬೀಳುವ ಹಾಗೆ "ಹೋಗ್ತೀನಿ" ಅನ್ನಬೇಕು. "ಹೋಗಿ ಬರ್ತೀನಿ" ಅನ್ನಬಾರದು. ಊರಿನಲ್ಲಿ ಉಳಿದವರೆಲ್ಲ ಬರ್ತೀನಿ ಎಂದೇ ಹೇಳಿ ಹೊರಡುವವರು. ಬರೀ ಹೋಗ್ತೀನಿ ಎಂದರೆ ಅಪಶಕುನ, ಸಾಯಲು ಹೊರಟವರ ಮಾತು. ಹೊರುವವರಿಗೆ ಮಾತ್ರ ಅದೇ ಕಟ್ಟಳೆ. ಹೊರುವವರ ಬಾಯಿಂದ ಬರ್ತೀನಿ ಎಂಬ ಮಾತು ಹೊರಟರೆ ಹೊತ್ತ ರೋಗ ಒಂದಕ್ಕೆ ಹತ್ತಾಗಿ ಮೈಯಲ್ಲೇ ಸಿಡಿಯುತ್ತದೆ, ನಾಲಿಗೆ ಕೊಳೆತು ಬೀಳುತ್ತದೆ ಎಂದು ಪಂಡಿತರು ಹೇಳಿದ್ದರು. ಪಂಡಿತರ ಅಪ್ಪನೂ ಹೇಳಿದ್ದರು. ಯಾರೂ ಪರೀಕ್ಷೆ ಮಾಡಿ ನೋಡಲು ಹೋಗಿರಲಿಲ್ಲ. ಇರುವ ರೋಗವೇ ಸಾಕಾಗಿತ್ತು.

"ಹೋಗ್ತೀನಿ," ಎಂದಳು ಗೂನಿ.

"ನಿಲ್ಲೇ." ಪಂಡಿತರು ಮೂಗಿಗೆ ಬಟ್ಟೆ ಹಿಡಿದುಕೊಂಡು ಹಿಂಬಾಗಿಲಿಗೆ ಬಂದರು. "ಧಣಿಗಳ ತೊಡೆ ಹುಣ್ಣಿನ ವಿಷಯ ಗೊತ್ತಲ್ಲ?"

ಗೊತ್ತಿಲ್ಲದವರು ಯಾರಿದ್ದರು? ಹುಣ್ಣಿಗೆ ಜಿಗಣೆ ಬಿಟ್ಟಿದ್ದರು, ಜಿಗಣೆಗಳು ಸತ್ತಿದ್ದವು. ಕಾದ ಕಬ್ಬಿಣ ಇಟ್ಟಿದ್ದರು, ಇಟ್ಟವನ ಕೈಗೂ ಧಣಿ ಅದೇ ಕಬ್ಬಿಣ ಇಡಿಸಿದ್ದ. ಓಣಿಯ ಒಬ್ಬನಿಗೆ ದಾಟಿಸಿಯೂ ನೋಡಿದ್ದರು. ಅವನು ಅರ್ಧ ಹೊರುವಷ್ಟರಲ್ಲಿ ಸತ್ತ. ಉಳಿದರ್ಧ ಧಣಿಯಲ್ಲೇ ನಿಂತು ಮತ್ತೆ ಬೆಳೆಯಿತು.

"ಬೇರೆ ರೋಗ ತುಂಬಿರೋ ಮೈಗೆ ಅದು ಹಿಡಿಸಲ್ಲ," ಎಂದರು ಪಂಡಿತರು. "ಏನೂ ಹೊರದ ಖಾಲಿ ಮೈ ಬೇಕು. ನಿನ್ನ ಸೊಸೆ ಇದಾಳಲ್ಲ."

ಗೂನಿಯ ಹಲ್ಲುನೋವು ಒಂದು ಗಳಿಗೆ ಎಲ್ಲೋ ಹೋಯಿತು. "ಅವಳು ಕುಂಬಾರರ ಮನೆ ಹುಡುಗಿ ಸ್ವಾಮಿ. ಹೊರೋರ ಪೈಕಿ ಅಲ್ಲ."

"ಓಣಿ ಗಂಜಿ ಕುಡೀತಾಳೋ ಇಲ್ವೋ?"

"ಕುಡೀತಾಳೆ."

"ಹಾಗಿದ್ರೆ ಹೊರೋಳೇ."

"ಅವಳ ಸರದಿ ಎಲ್ಲಾ ನಾನೇ ಹೊತ್ತಿದೀನಿ. ಇದನ್ನೂ ನಂಗೇ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿನ್ನ ಮೈಯಲ್ಲಿ ಜಾಗ ಎಲ್ಲಿದೆಯೇ? ಬೆನ್ನಲ್ಲಿ ಅವ್ವನವರು, ಬಾಯಲ್ಲಿ ಸಣ್ಣಮ್ಮನವರು, ಮಂಡೀಲಿ ನಮ್ಮತ್ತೆ. ನೀನೇನು ಹೆಂಗಸೇನೇ? ಛತ್ರ." ತಾವಾಡಿದ ಮಾತಿಗೆ ತಾವೇ ನಕ್ಕು ಪಂಡಿತರು ಒಳಗೆ ಹೋದರು.

ಹೊರುವವರ ಓಣಿ ಕೋಟೆಯ ಚರಂಡಿ ಹೊರಬೀಳುವ ಕಡೆ ಇತ್ತು. ಅಲ್ಲಿ ಯಾರಿಗೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಏನು ಹೊತ್ತಿದ್ದರೋ ಅದೇ ಹೆಸರು. ಕೆಮ್ಮಜ್ಜ ದವಸದ ವ್ಯಾಪಾರಿಯ ಕೆಮ್ಮು ಹೊತ್ತವನು. ತಕ್ಕಡಿ ತೂಗುವಾಗ ವ್ಯಾಪಾರಿ ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದನೋ ಅಲ್ಲಿ ಇವನೂ ತಡೆದು ತಡೆದು ಕೆಮ್ಮುತ್ತಿದ್ದ. ಕೂರದವನು ಎಂಬುವನು ಧಣಿಯ ಮನೆಯ ಕಾವಲುಗಾರನ ಮೂಲವ್ಯಾಧಿ ಹೊತ್ತವನು. ಉಣ್ಣುವುದು, ಹರಟುವುದು, ತೂಕಡಿಸುವುದು ಎಲ್ಲ ನಿಂತೇ. ಮದುವೆಯನ್ನೂ ನಿಂತೇ ಮಾಡಿಕೊಂಡ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಹೊರಲಾಗದ್ದು ಒಂದೇ, ಹಸಿವು. ಹಿಂದೊಮ್ಮೆ ಧಣಿಗೆ ಉಪವಾಸ ಮಾಡುವ ಮನಸ್ಸಾಗಿ, ಹಸಿವನ್ನು ಓಣಿಗೆ ದಾಟಿಸಿ ಎಂದು ಪಂಡಿತರಿಗೆ ಹೇಳಿದ್ದ. ನೂಲು ಕಟ್ಟಿದರು, ಗೊಣಗಿದರು, ತೂತಿಗೆ ಬಾಯಿಟ್ಟು ಬಂತೇನೋ ಎಂದು ಕೇಳಿದರು. ಈಚೆ ನಿಂತಿದ್ದವನು ಕೂರದವನು. ಸ್ವಲ್ಪ ಹೊತ್ತು ಹೊಟ್ಟೆ ಮುಟ್ಟಿ ನೋಡಿಕೊಂಡು, "ಇದು ನಿಮ್ದೋ ನಮ್ದೋ ಗೊತ್ತಾಗ್ತಿಲ್ಲ ಸ್ವಾಮಿ," ಎಂದಿದ್ದ. ನೂಲು ಬದಲಾಯಿಸಿದರೂ ಗೊತ್ತಾಗಲಿಲ್ಲ. ಮಧ್ಯಾಹ್ನಕ್ಕೆ ಧಣಿ ಉಪವಾಸ ಬಿಟ್ಟ.

ಗೂನಿ ಮನೆಗೆ ಬಂದಾಗ ಸೊಸೆ ಬಾಚಣಿಗೆ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಗೂನಿಯ ಕೈ ತಲೆಯವರೆಗೆ ಏಳುತ್ತಿರಲಿಲ್ಲ. ಮಗ ಇದ್ದಾಗ ಅವನು ಬಾಚುತ್ತಿದ್ದ, ಜಡೆ ಹೆಣೆಯಲು ಬಾರದೆ ಹಗ್ಗದ ಹಾಗೆ ಹೊಸೆದು ಬಿಡುತ್ತಿದ್ದ. ಅವನು ಧಣಿಯ ಎದೆಜ್ವರ ಹೊತ್ತು ಸತ್ತ. ಕುಂಬಾರರು ಗಾಡಿ ಕಟ್ಟಿಕೊಂಡು ಮಗಳನ್ನು ಕರೆದೊಯ್ಯಲು ಬಂದರು. ಇವಳು ಹತ್ತಲಿಲ್ಲ. "ಈ ಮುದುಕಿ ತಲೆ ಹೇನಿನ ಗೂಡಾಗುತ್ತೆ," ಎಂದು ಅಪ್ಪನಿಗೆ ಹೇಳಿದಳಂತೆ. ಅವತ್ತು ಗೂನಿ ಚರಂಡಿಯ ಹತ್ತಿರ ಹೋಗಿ ಒಬ್ಬಳೇ ಅತ್ತಿದ್ದಳು. ಈ ಹುಡುಗಿಯ ಮೇಲೆ ಅವಳಿಗೆ ಜೀವ.

"ಹಲ್ಲು ನೋವಾ ಅತ್ತೆ?"

"ಹೂಂ. ಅವಳಪ್ಪನ ಗಂಟೇನು ಹೋಗುತ್ತೆ, ದಿನಾ ಜೇನು ನೆಕ್ಕಿದಾಳೆ ಬೋಸುಡಿ." ಆಮೇಲೆ ಹುಣ್ಣಿನ ವಿಷಯ ಹೇಳಿದಳು.

ಬಾಚಣಿಗೆ ಒಮ್ಮೆ ನಿಂತು ಮತ್ತೆ ನಡೆಯಿತು.

"ಓಡಿಹೋಗು ನಿಮ್ಮಪ್ಪನ ಮನೆಗೆ," ಎಂದಳು ಗೂನಿ.

"ಊರ ಬಾಗಿಲಲ್ಲಿ ಕಾವಲುಗಾರ ಇದಾನೆ. ನಾನು ಹೋದ್ರೆ ನಿನ್ನ ಸುಮ್ನೆ ಬಿಡ್ತಾರಾ? ತಲೆ ಅಲ್ಲಾಡಿಸ್ಬೇಡ, ಸಿಕ್ಕು ಬಿಡಿಸ್ತಿದೀನಿ." ಜಡೆ ಮುಗಿಸಿ ಕೊಡ ಎತ್ತಿಕೊಂಡು ಎದ್ದಳು. "ನೀರಿಗೆ ಹೋಗಿ ಬರ್ತೀನಿ."

"ಬಾಯಿ ಮುಚ್ಚೇ, ಹಾಳಾದೋಳೆ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ಬರೀ ಹೋಗ್ತೀನಿ ಅಂದ್ರೆ ನಮ್ಮಮ್ಮ ಕೆನ್ನೆಗೆ ಬಾರಿಸ್ತಿದ್ಳು. ಸಾಯೋಕೆ ಹೋಗ್ತೀಯಾ ಅಂತ."

ಮದುವೆಯಾಗಿ ಬಂದಾಗಿನಿಂದ ಇದೇ ಜಗಳ. ಅವಳ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ಕೆಮ್ಮಜ್ಜ ಮಕ್ಕಳ ಕಿವಿ ಮುಚ್ಚುತ್ತಿದ್ದ. ಓಣಿಯಲ್ಲಿ ತಾಯಿ ಅಕ್ಕ ಎನ್ನುವ ಬೈಗುಳಕ್ಕೆಲ್ಲ ಲೆಕ್ಕವಿರಲಿಲ್ಲ. ಬರ್ತೀನಿ ಎಂಬುದೊಂದೇ ಕೆಟ್ಟ ಮಾತು.

ಹುಣ್ಣು ದಾಟಿಸುವ ಮೊದಲು ಮೈ ಹೇಗಿದೆ ಎಂದು ನೋಡಬೇಕಲ್ಲ. ಅದಕ್ಕೆ ಸೊಸೆಯನ್ನು ಕರೆಸಿ, ಧಣಿಯ ಪಾರುಪತ್ಯದವನ ಕಜ್ಜಿಯನ್ನು ಮೊದಲು ದಾಟಿಸಿದರು. ಕಜ್ಜಿ ಸರಾಗವಾಗಿ ಬಂತು. ಒಳ್ಳೆಯ ಮೈ, ನೂಲು ಬಿಸಿಯಾಗುವ ಮೊದಲೇ ಎಳೆದುಕೊಂಡಿತು ಎಂದು ಪಂಡಿತರು ಹೊಗಳಿದರು. ಸೊಸೆಗೆ ಕುತ್ತಿಗೆಯಿಂದ ಮೊಣಕಾಲಿನವರೆಗೆ ಬೆಂಕಿ ಹತ್ತಿದ ಹಾಗಾಗಿತ್ತು. ಆ ಉರಿಯಲ್ಲಿ, ಹೊಸ್ತಿಲ ಮೇಲೆ ನಿಂತು, ಅಮ್ಮ ಕಲಿಸಿದ್ದ ಮರ್ಯಾದೆಯಂತೆ ಕೈಮುಗಿದು, "ಹೋಗಿ ಬರ್ತೀನಿ ಸ್ವಾಮಿ," ಎಂದುಬಿಟ್ಟಳು.

ಓಣಿ ಸೇರುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಗೂನಿ ಅವಳ ಬಾಯಿ ತೆರೆಸಿ ನಾಲಿಗೆ ನೋಡಿದಳು. ಎಳೆದು ನೋಡಿದಳು. ಗಟ್ಟಿಯಾಗಿತ್ತು.

"ಬಿಡು ಅತ್ತೆ, ಕಿತ್ತು ಬರುತ್ತೆ."

ಪಂಡಿತರು ಓಣಿಯೊಳಗೆ ಕಾಲಿಟ್ಟವರಲ್ಲ. ಅವತ್ತು ಬಂದರು. ಹಿಂದೆ ಕಾವಲುಗಾರ, ಅವನ ಹಿಂದೆ ಪಾರುಪತ್ಯದವನು. ಪಾರುಪತ್ಯದವನು ಬಂದವನೇ ಕೆಮ್ಮಜ್ಜನ ಮನೆಯ ಕಂಬಕ್ಕೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಉಜ್ಜತೊಡಗಿದ. ಕಾವಲುಗಾರ ಸೊಸೆಯನ್ನು ಜಡೆ ಹಿಡಿದು ಎಳೆದು ತಂದ. ಬಾರುಕೋಲಿನಿಂದ ಬೆನ್ನಿಗೆ, ಕಾಲಿಗೆ ಬಾರಿಸಿದ. ತೊಡೆಗೆ ಬೇಡ, ಅದು ಬೇಕು ಎಂದರು ಪಂಡಿತರು. ಓಣಿಯವರೆಲ್ಲ ನಿಂತು ನೋಡಿದರು. ಗೂನಿ ಅಡ್ಡ ಹೋದಳು, ಒಂದು ಒದೆತಕ್ಕೆ ಚರಂಡಿಯ ಅಂಚಿಗೆ ಬಿದ್ದಳು.

"ಈಗ ಹೇಳು. ಹೋಗುವಾಗ ಏನನ್ನಬೇಕು?" ಪಂಡಿತರು ಮಕ್ಕಳಿಗೆ ಪಾಠ ಹೇಳುವವರ ಹಾಗೆ ಕೇಳಿದರು.

"ಹೋಗಿ..."

"ಹೋಗಿ ಅಲ್ಲ. ಹೋಗ್ತೀನಿ."

"ಹೋಗ್ತೀನಿ."

"ಇನ್ನೊಮ್ಮೆ. ಜೋರಾಗಿ."

"ಹೋಗ್ತೀನಿ. ಹೋಗ್ತೀನಿ." ಅವಳ ಬಾಯಿಂದ ಮಾತಿನ ಜೊತೆ ರಕ್ತವೂ ಬರುತ್ತಿತ್ತು. ಸಂಜೆಯ ಬಿಸಿಲು ಇಳಿಯುವವರೆಗೂ ಹೇಳಿಸಿದರು. ಕೆಮ್ಮಜ್ಜ ಕೆಮ್ಮನ್ನು ಹಿಡಿದುಕೊಂಡು ನಿಂತಿದ್ದ.

ಗೂನಿ ಬಿದ್ದಲ್ಲಿಂದಲೇ ಪಂಡಿತರ ಕಣ್ಣು ನೋಡುತ್ತಿದ್ದಳು. ಅವು ಮತ್ತೆ ಮತ್ತೆ ಪಾರುಪತ್ಯದವನ ಕಡೆ ಹೋಗುತ್ತಿದ್ದವು. ಸಿಟ್ಟಿನ ಕಣ್ಣುಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇದು ಸಿಟ್ಟಲ್ಲ. ಹೊತ್ತವಳ ನಾಲಿಗೆ ಕೊಳೆಯಲಿಲ್ಲ, ಕಜ್ಜಿ ಹತ್ತಾಗಲಿಲ್ಲ. ಅದು ತನ್ನ ಮನೆಗೆ ತಾನು ಹೋಗಿ, ಅಲ್ಲಿ ಕಂಬಕ್ಕೆ ಬೆನ್ನು ಉಜ್ಜುತ್ತಿತ್ತು. ಇಷ್ಟು ಕಾಲ ತಾನು ಹೊಸ್ತಿಲ ಮೇಲೆ ನಿಂತು ಹೇಳಿದ ಹೋಗ್ತೀನಿಗಳನ್ನೆಲ್ಲ ಗೂನಿ ನೆನೆದಳು. ಮಗ ಜ್ವರ ಹೊತ್ತ ದಿನ ಅವನಿಗೆ ನಿಲ್ಲಲು ಬಲವಿರಲಿಲ್ಲ, ಹೊಸ್ತಿಲವರೆಗೆ ಅವನನ್ನು ಎತ್ತಿ ಹಿಡಿದು, "ಹೇಳಪ್ಪಾ, ಹೋಗ್ತೀನಿ ಅನ್ನು," ಎಂದು ಕಿವಿಯಲ್ಲಿ ಹೇಳಿಕೊಟ್ಟವಳು ಅವಳೇ. ಅಲ್ಲೇ ವಾಂತಿ ಮಾಡಿಕೊಂಡಳು.

"ಯಾರದಿದು ಹೊಸದು? ಅಜೀರ್ಣಾನಾ?" ಎಂದು ಕೂರದವನು ಮೆಲ್ಲಗೆ ಕೇಳಿದ.

"ನನ್ದೇ," ಎಂದಳು ಗೂನಿ.

ಹುಣ್ಣಿನ ದಿನ ಪಂಡಿತರು ಎಲ್ಲಕ್ಕೂ ಎಚ್ಚರ ವಹಿಸಿದ್ದರು. ಸೊಸೆಯ ಬಾಯಿಂದ "ಬಂತು" ಎಂಬ ಮಾತು ಹೊರಟ ಕೂಡಲೇ ಕಾವಲುಗಾರ ಅವಳ ಬಾಯಿಗೆ ಬಟ್ಟೆ ತುರುಕಿ ಕಟ್ಟಿದ. ಹಿಡಿದುಕೊಳ್ಳಲು ಗೂನಿಯನ್ನು ಜೊತೆಗೆ ಬಿಟ್ಟಿದ್ದರು. ನೂಲು ಕೆಂಪಗೆ ಕಾದು ತಾನಾಗಿ ಹರಿದುಹೋಯಿತು. ಸೊಸೆಯ ತೊಡೆಯ ಮೇಲೆ ಮೊದಲು ಒಂದು ಕಪ್ಪು ಚುಕ್ಕೆ ಬಂತು, ನೋಡನೋಡುತ್ತಾ ಅಂಗೈಯಗಲ ಬಾಯಿ ಬಿಟ್ಟಿತು. ಧಣಿಯ ಮೈಯ ನಾತ ಸೌದೆ ಕೋಣೆಗೆ ಬಂತು. ಹುಡುಗಿ ಬಟ್ಟೆಯೊಳಗೇ ಕೂಗಿದಳು, ಗೂನಿಯ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದಳು.

ಗೋಡೆಯ ಆಚೆ ಧಣಿ ಮೆತ್ತೆಯಿಂದ ಎದ್ದ ಸದ್ದಾಯಿತು. ಅತ್ತಿಂದಿತ್ತ ನಾಲ್ಕು ಹೆಜ್ಜೆ ನಡೆದು ನೋಡಿದ. "ಮಾಂಸ ಬೇಯಿಸೋಕೆ ಹೇಳಿ," ಎಂದ. ತಾಯಿ, ಹೆಂಡತಿ ಎಲ್ಲ ಬಾಗಿಲ ಹತ್ತಿರ ಬಂದು ನಿಂತರು. ಹೊಸ್ತಿಲ ಮಾತು ಆಗುವವರೆಗೆ ಮನೆಯವರು ಅಲ್ಲಿರಬೇಕಾಗಿತ್ತು.

ಗೂನಿ ಸೊಸೆಯನ್ನು ಹೆಗಲಿಗೆ ಹಾಕಿಕೊಂಡು ಹಿಂಬಾಗಿಲವರೆಗೆ ಎಳೆದು ತಂದಳು.

"ಹಿರಿಯಳು ನೀನೇ ಅವಳ ಪರವಾಗಿ ಹೇಳು," ಎಂದರು ಪಂಡಿತರು. "ಎಷ್ಟೋ ವರ್ಷದಿಂದ ಹೇಳಿದೀಯ. ನಿಂಗೇನು ಹೇಳಿಕೊಡೋದು ಬೇಡ."

ಗೂನಿ ಹೊಸ್ತಿಲ ಮೇಲೆ ನಿಂತಳು. ಹೆದರಿಕೆ ಇತ್ತು. ಸೊಸೆಯದು ಕುಂಬಾರರ ನಾಲಿಗೆ, ತನ್ನದು ಹೊರುವವರ ನಾಲಿಗೆ, ತನ್ನದು ಕೊಳೆತರೂ ಕೊಳೆಯಬಹುದು ಅನ್ನಿಸಿತು. ಕೊಳೆಯಲಿ, ಎಂದುಕೊಂಡಳು. ಧಣಿಯ ತಾಯಿಯನ್ನು, ಹೆಂಡತಿಯನ್ನು, ಅವರ ಹಿಂದೆ ಒರಗಿ ನಿಂತಿದ್ದ ಧಣಿಯನ್ನು ಕತ್ತೆತ್ತಿ ಒಮ್ಮೆ ನೋಡಿದಳು.

"ಬರ್ತೀವಿ," ಎಂದಳು.

ಯಾರಿಗೂ ತಕ್ಷಣ ತಿಳಿಯಲಿಲ್ಲ. ದಿನಕ್ಕೆ ನೂರು ಸಲ ಕೇಳುವ ಮಾತು. ಧಣಿಯ ಹೆಂಡತಿ ಅಭ್ಯಾಸಬಲದಿಂದ "ಹೂಂ, ಬನ್ನಿ," ಎಂದೂಬಿಟ್ಟಳು. ಮರುಗಳಿಗೆಯೇ ಕೆನ್ನೆ ಹಿಡಿದುಕೊಂಡು ಕೂತಳು.

ಧಣಿ ತೊಡೆ ಹಿಡಿದುಕೊಂಡು ಅರಚಿಕೊಂಡ. ಗೂನಿಯ ಬೆನ್ನಲ್ಲಿ ಒಣಸೌದೆ ಮುರಿದ ಹಾಗೆ ಸದ್ದಾಯಿತು. ನೋವಿಗೆ ಅವಳ ಕಣ್ಣು ಕತ್ತಲಿಟ್ಟಿತು. ಕಣ್ಣು ಬಿಟ್ಟಾಗ ಬಾಗಿಲ ಮೇಲಿನ ತೊಲೆ ಎದುರಿಗೇ ಕಂಡಿತು. ಇಷ್ಟು ವರ್ಷ ಈ ಮನೆಗೆ ಬಂದರೂ ಬಾಗಿಲಿಗೆ ತೊಲೆಯಿದೆ ಎಂದು ಅವಳು ನೋಡಿರಲಿಲ್ಲ. ಧಣಿಯ ತಾಯಿ ನೆಲ ನೋಡುತ್ತಾ ನಿಂತಿದ್ದಳು.

ಮಗನ ಜ್ವರ ಮಾತ್ರ ಮಗನ ಜೊತೆಯೇ ಹೋಗಿತ್ತು. ಅದು ಯಾವ ಮಾತಿಗೂ ವಾಪಸು ಬರುವಂಥದ್ದಾಗಿರಲಿಲ್ಲ.

"ಹಿಡಿಯೋ ಅವಳನ್ನ," ಎಂದು ಪಂಡಿತರು ಕೂಗಿದರು. ಕಾವಲುಗಾರ ಬಾರುಕೋಲು ಎತ್ತಿಕೊಂಡು ಬಂದ. ಗೂನಿ ಸೊಸೆಯ ಬಾಯಿಯ ಬಟ್ಟೆ ಬಿಚ್ಚುತ್ತಿದ್ದಳು, ನಿಲ್ಲಿಸಲಿಲ್ಲ.

"ನಿನ್ದು ಕೂರದವನ ಹತ್ರ ಇದೆ ಕಣಪ್ಪಾ," ಎಂದಳು. "ಇಲ್ಲೇ ಹೊರಗೆ ನಿಂತಿದಾನೆ. ಕರೀಲಾ?"

ಕಾವಲುಗಾರ ಕೋಲು ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ. ಆಮೇಲೆ ಮುಂಬಾಗಿಲ ಕಡೆ ನಡೆದ, ಸ್ವಲ್ಪ ದೂರ ಹೋದ ಮೇಲೆ ಓಡಿದ. ದುರದೃಷ್ಟಕ್ಕೆ ಕೂರದವನು ಮುಂಬಾಗಿಲಲ್ಲೇ ನಿಂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ಕೈಮುಗಿದು, ಮರ್ಯಾದೆಯಿಂದ, "ಹೋಗಿ ಬರ್ತೀನಿ ಅಣ್ಣಾ," ಎಂದ. ಆಮೇಲೆ ಅಲ್ಲೇ ಬೀದಿಯ ನಡುವೆ, ಧೂಳಿನಲ್ಲಿ, ಕೂತ. ಕೂತು ಸುತ್ತಲೂ ನೋಡಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಮಾತು ಊರಿಗೆ ಹಬ್ಬಲು ಹೊತ್ತು ಹಿಡಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಓಣಿಗೆ ಓಣಿಯೇ ಎದ್ದು ಬೀದಿಗೆ ಬಂದಿತ್ತು. ಕೂಗಾಟವಿರಲಿಲ್ಲ, ಕಲ್ಲು ಕೋಲು ಇರಲಿಲ್ಲ. ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು, ನೆಂಟರ ಮನೆಯಿಂದ ಹೊರಡುವವರ ಹಾಗೆ ಒಬ್ಬೊಬ್ಬರು ಒಂದೊಂದು ಬಾಗಿಲ ಮುಂದೆ ನಿಂತರು. ಆದರೆ ಬಾಗಿಲುಗಳೆಲ್ಲ ಆಗಲೇ ಮುಚ್ಚಿದ್ದವು. ಒಳಗಿದ್ದವರು ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ಕಿವಿಗೆ ಮೇಣ ಮೆತ್ತಿಕೊಂಡಿದ್ದರು. ಕಿವಿಗೆ ಬೀಳದಿದ್ದರೆ ಮಾತು ನಾಟುವುದಿಲ್ಲ ಎಂದು ಪಂಡಿತರು ರಾತ್ರಿಯೇ ಹೇಳಿಕಳಿಸಿದ್ದರು. ಆಮೇಲೆ ಪಂಡಿತರೂ ಚಿಲಕ ಹಾಕಿಕೊಂಡರು.

ದವಸದ ವ್ಯಾಪಾರಿಯ ಜಗಲಿಯ ಮೇಲೆ ಕೆಮ್ಮಜ್ಜ ಕೂತ. ಅವನ ಪಕ್ಕದಲ್ಲಿ ಗೂನಿ, ಅವಳ ಪಕ್ಕದಲ್ಲಿ ಸೊಸೆ. ಆ ಜಗಲಿಯ ಮೇಲೆ ಓಣಿಯವರು ಕೂತದ್ದು ಅದೇ ಮೊದಲು. ಸೊಸೆ ಬಾರುಕೋಲಿನ ಬಾಸುಂಡೆಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು. ಅದು ಹೊತ್ತು ತಂದ ನೋವಲ್ಲ, ಅವಳದೇ. ಅದನ್ನು ಬಿಟ್ಟುಬರಲು ಬಾಗಿಲಿರಲಿಲ್ಲ. ಗೂನಿಯ ಕೈ ಈಗ ತಲೆಯವರೆಗೆ ಏಳುತ್ತಿತ್ತು. ಆದರೂ ಅವತ್ತು ಬೆಳಿಗ್ಗೆ ತಲೆ ಬಾಚಿಸಿಕೊಂಡದ್ದು ಸೊಸೆಯ ಕೈಯಲ್ಲೇ.

ಕೆಮ್ಮಜ್ಜ ಬಾಗಿಲು ತಟ್ಟಿದ. "ಸಾಹುಕಾರ್ರೇ, ಹೊರಟಿದೀನಿ. ಒಂದು ಮಾತು ಹೇಳಿ ಹೋಗಣ ಅಂತ." ಒಳಗೆ ಯಾರೋ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. ಕೆಮ್ಮಜ್ಜನಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ತಟ್ಟಿದ.

"ತೆಗೀದೇ ಇದ್ರೆ?" ಎಂದು ಕೇಳಿದ. "ಒಳಗೆ ಕಣಜ ತುಂಬಿದೆ ಅವನಿಗೆ."

"ಬಾವಿ ಹೊರಗಿದೆ. ಸೌದೆ ಹೊರಗಿದೆ," ಎಂದಳು ಗೂನಿ. "ಹಸಿ ಕಾಳು ಎಷ್ಟು ದಿನ ಅಗೀತಾನೆ?"

"ಹಸಿವಾಗುತ್ತೆ ಅಂತೀಯ?"

"ಆಗ್ದೇ ಏನು? ಅದೊಂದನ್ನ ನಾವು ಹೊರೋಕೆ ಬರಲ್ವಲ್ಲ ಅಜ್ಜಾ."

ಕೆಮ್ಮಜ್ಜ ಕಾಲು ಚಾಚಿ, ವ್ಯಾಪಾರಿಯ ಬಾಗಿಲಿಗೇ ಬೆನ್ನು ಕೊಟ್ಟು ಒರಗಿ ಕೂತ.